ಎರಡು ಕಂಡರೆ ಕಣ್ಣು ಸರಿ

ನಮ್ಮ ಮಾಮಾನ ಪ್ರಕಾರ ಇಳಕಲ್ಲಿನಲ್ಲಿ ಯಾರ ಕಣ್ಣಾದರೂ ಕೆಡುವುದಿದ್ದರೆ ಯುಗಾದಿ ಆದ ಮೇಲೆ, ಮಳೆಗಾಲಕ್ಕೆ ಮುಂಚೆ, ಮೋಡವಿಲ್ಲದ ಸಂಜೆಯೇ ಕೆಡಬೇಕು. ಬೇರೆ ಹೊತ್ತಿನಲ್ಲಿ ಕೆಟ್ಟರೆ ಅದು ಆ ಕಣ್ಣಿನ ತಪ್ಪು!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಊರಲ್ಲಿ ಅವನದೊಂದು ಚಷ್ಮಾ ಅಂಗಡಿ. ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಹಲಗೆ ಅಲ್ಲಿಯೂ ಇದೆ. ಆದರೆ ಗೋಡೆಗೆ ಮುಖ ಮಾಡಿ, ಮಾಸ್ತರರ ಕೈಲಿ ಬೈಸಿಕೊಂಡ ಹುಡುಗನ ಹಾಗೆ ನಿಂತಿದೆ. ಯಾಕೆ? "ಬಂದ ಮಂದಿ ಕುಂತಲ್ಲೇ ಅಕ್ಷರ ಬಾಯಿಪಾಠ ಮಾಡ್ಕೊಂತಾರವಾ. ಆಮ್ಯಾಲ ನಾ ಪರೀಕ್ಷಾ ಮಾಡೋದು ಕಣ್ಣೋ, ಬಾಯೋ?"

ಹಾಗಾಗಿ ಪರೀಕ್ಷೆ ನಡೆಯುವುದು ಮಾಳಿಗೆಯ ಮೇಲೆ. ಗಿರಾಕಿಯನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಸಪ್ತರ್ಷಿ ಮಂಡಲದ ಬಾಲದ ನಡುವಿನ ನಕ್ಷತ್ರ ತೋರಿಸಿ ಒಂದೇ ಪ್ರಶ್ನೆ: "ಎಷ್ಟು ಕಾಣ್ತಾವ?" ಅಲ್ಲಿ ವಸಿಷ್ಠನಿಗೆ ಅಂಟಿಕೊಂಡಂತೆ, ಮಂಕಾಗಿ, ಅರುಂಧತಿ ಇದ್ದಾಳೆ. ಎರಡು ಅಂದರೆ ಕಣ್ಣು ಸರಿ, ಮನೆಗೆ ಹೋಗಬಹುದು. ಒಂದು ಅಂದರೆ ಕೆಳಗಿಳಿದು ಚಷ್ಮಾ.

ಸಂಜೆಯ ಹೊತ್ತು ಸಪ್ತರ್ಷಿ ಕಾಣದ ತಿಂಗಳುಗಳಲ್ಲಿ? ಕಾಯಬೇಕು! ದೀಪಾವಳಿಗೆ ಕಣ್ಣು ಮಂಜಾದ ಕಮತಗಿಯ ಒಬ್ಬರನ್ನು "ಯುಗಾದಿಗೆ ಬರ್ರಿ, ನಕ್ಷತ್ರ ಈಗ ಊರಾಗಿಲ್ಲ" ಎಂದು ಬಾಗಿಲಿನಿಂದಲೇ ಕಳಿಸಿದ್ದಾನೆ.

ಶಿರೂರಿನ ಮದುವೆಯೊಂದರಲ್ಲಿ ಪುರೋಹಿತರು ಎಂದಿನಂತೆ ಮಟಮಟ ಮಧ್ಯಾಹ್ನ ಪೆಂಡಾಲಿನ ಬಟ್ಟೆಯತ್ತ ಕೈ ತೋರಿಸಿ, "ಅರುಂಧತಿ ಕಂಡ್ಲೇನಪಾ?" ಎಂದು ವರನನ್ನು ಕೇಳಿದರು. "ಕಂಡ್ಲರಿ" ಎಂದ ವರ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾಮಾ ಧಡಕ್ಕನೆ ಎದ್ದ. "ತಡೀರಿ! ಬಟ್ಟಿಯೊಳಗ ನಕ್ಷತ್ರ ಕಂಡಾವಂದ್ರ ಇದು ಭಾಳ ದೊಡ್ಡ ರೋಗ! ಹುಡುಗನ್ನ ಮೊದಲ ದವಾಖಾನಿಗೆ ಕರ್ಕೊಂಡ ಹೋಗ್ರಿ!" ಆ ಮನೆಯವರು ಇವತ್ತಿಗೂ ನಮ್ಮನ್ನು ಯಾವ ಕಾರ್ಯಕ್ಕೂ ಕರೆಯುವುದಿಲ್ಲ.

ಇಂಥವನ ಹೆಂಡತಿ, ನಮ್ಮ ಅತ್ತಿ, ಬಂಗಾರದಂಥ ಹೆಂಗಸು. ಆದರೂ ಊರಲ್ಲಿ ಆಕೆಗೆ ಸೊಕ್ಕಿನವಳೆಂದು ಹೆಸರು. ರಸ್ತೆಯಲ್ಲಿ ಎದುರಾದವರು ನಕ್ಕರೆ ಈಕೆ ನಗುವುದಿಲ್ಲವಂತೆ. ಅದೇ ಒಂದು ದಿನ, ಸೀರೆ ಅಂಗಡಿಯ ಬಾಗಿಲಲ್ಲಿ ಸೀರೆ ಉಟ್ಟು ನಿಂತಿದ್ದ ಗೊಂಬೆಗೆ ರಸ್ತೆಯ ಆಚೆ ಬದಿಯಿಂದ "ಊಟಾತೇನವಾ?" ಎಂದು ಕೂಗಿದಳು. ಉತ್ತರ ಬರಲಿಲ್ಲ. "ನೋಡವಾ, ನನಗ ಸೊಕ್ಕಂತಾರ. ಈಕೀ ಸೊಕ್ಕ ನೋಡು!" ಎಂದಳು ನನಗೆ. ಅತ್ತಿಯ ತಮಾಷೆ ಎಂದು ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ನಾನೋ, ಸಾಲಿಯಿಂದ ಕಾಲೇಜಿನವರೆಗೆ ಚರ್ಚಾಸ್ಪರ್ಧೆಯಲ್ಲೇ ಬೆಳೆದವಳು. ಯಾರಾದರೂ "ಇದು ಖರೆ" ಎಂದರೆ ಸಾಕು, ನಾಲಿಗೆ ತುರಿಸುತ್ತದೆ. ಈ ಬೇಸಿಗೆಯಲ್ಲಿ ಮಾಮಾನನ್ನು ಮಾಳಿಗೆಯ ಮೇಲೆಯೇ ಹಿಡಿದೆ.

"ಮಾಮಾ, ನಿನ್ನ ಪರೀಕ್ಷಾ ಪರೀಕ್ಷಾನ ಅಲ್ಲ."

"ಬಂತು ನೋಡ್ರಿ ಹೈಕೋರ್ಟು!"

"ಒಂದನೇದ್ದು, ದುರ್ಬೀನಿನೊಳಗ ನೋಡಿದ್ರ ನಿನ್ನ ವಸಿಷ್ಠ ಒಬ್ಬನ ಎರಡು ಅದಾನ. ಅಂದ್ರ ಅರುಂಧತಿ ಸೇರಿ ಮೂರು, ಎರಡು ಅಂದವರೂ ಫೇಲು."

"ಋಷಿಗಳವಾ ಅವರು. ಒಬ್ಬರ ಇಬ್ಬರಷ್ಟು ತಪಸ್ಸು ಮಾಡ್ತಾರ."

"ಎರಡನೇದ್ದು, ಹಲಗಿ ಬಾಯಿಪಾಠ ಆಗ್ತೈತಂತ ತಿರುಗಿಸಿಟ್ಟಿ. 'ಎರಡು' ಅನ್ನೋದು ಇಡೀ ಜಿಲ್ಲಾಕ್ಕ ಬಾಯಿಪಾಠ ಐತಿ! ಶಿರೂರಿನ ವರ ಬಟ್ಟಿ ನೋಡಿ 'ಕಂಡ್ಲರಿ' ಅನ್ನಲಿಲ್ಲೇನು?"

ಮಾಮಾ ತನ್ನ ಕಡೆಯ ಸಾಕ್ಷಿಯನ್ನು ಕರೆದ. "ನಿಮ್ಮ ಅತ್ತಿ! ಕನ್ಯಾ ನೋಡಾಕ ಪಟ್ಟದಕಲ್ಲಿಗೆ ಹೋದಾಗ ಸಂಜಿಗೆ ಅಂಗಳಕ್ಕ ಕರದು ನಕ್ಷತ್ರ ತೋರಿಸಿ ಕೇಳಿದ್ನಿ. ಒಂಚೂರೂ ತಡೀಲಿಲ್ಲ, 'ಎರಡ್ರಿ' ಅಂದ್ಲು. ಅವತ್ತ ಲಗ್ನ ನಿಕ್ಕಿ ಮಾಡಿದ್ನಿ. ಈ ಪರೀಕ್ಷಾ ಸುಳ್ಳಂದ್ರ ನನ್ನ ಸಂಸಾರನ ಸುಳ್ಳು!"

ಮುಂದೆ ಬರುವ ಗಿರಾಕಿ ಕಾಣದೆಯೂ 'ಎರಡು' ಅನ್ನುತ್ತಾರೋ ಇಲ್ಲವೋ ಎಂದು ಪಣ ಕಟ್ಟಿದೆವು. ಅವನು ಸೋತರೆ ಹಲಗೆ ತಿರುಗಿಸಬೇಕು. ನಾನು ಸೋತರೆ ಅವನ ಮನೆಯಲ್ಲಿ ಇನ್ನು ವಾದ ಮಾಡಬಾರದು. ನನ್ನಂಥವಳಿಗೆ ಇದು ಅನ್ನ ಬಿಡು ಅಂದ ಹಾಗೆ!

ಅಷ್ಟರಲ್ಲಿ ಹುನಗುಂದದ ಗಿರಾಕಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ನಾನು ಬೇಕೆಂದೇ ಫೋನ್ ಟವರಿನ ತುದಿಯ ಒಂಟಿ ಕೆಂಪು ದೀಪ ತೋರಿಸಿ, "ಎಷ್ಟು ಕಾಣ್ತಾವ್ರಿ?" ಎಂದೆ.

"ಎರಡ್ರಿ," ಎಂದರು ಅವರು ಭಕ್ತಿಯಿಂದ ಕೈ ಮುಗಿದು. "ದೊಡ್ಡದು ಅಪ್ಪಾರು, ಸಣ್ಣದು ಅವ್ವಾರು."

"ಅದು ಟವರಿನ ದೀಪರೀ!"

"ಹೌದ್ರಿ? ಮತ್ತ ಎರಡು ಅನಬೇಕಂತ ಕೆಳಗ ಹೇಳಿದ್ರಲ್ರಿ ಮಂದಿ?"

ಗೆದ್ದಿದ್ದೆ! ಚಪ್ಪಾಳೆಗಾಗಿ ತಿರುಗಿದರೆ ಮಾಮಾ ನೀರಿನ ಟಾಕಿಯ ಕಟ್ಟೆಯ ಮೇಲೆ ಕುಸಿದು ಕುಳಿತಿದ್ದ. "ಹಂಗಾದ್ರ ಇಷ್ಟು ವರ್ಷ ಎರಡಂದು ಮನಿಗೆ ಹೋದವರು..."

ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದ ಅತ್ತಿ, ಮುಖ ಇತ್ತ ತಿರುಗಿಸದೆಯೇ ಅಂದಳು: "ರೀ, ನನಗೂ ಒಂದ ಕಾಣ್ತೈತ್ರಿ."

"ಯಾವಾಗಿಂದ?"

"ಅವತ್ತಿಂದನ. ನಮ್ಮಕ್ಕ ಹಿಂದ ನಿಂತು ಎರಡು ಸಲ ಚಿವುಟಿದ್ಲು. ಎರಡ್ರಿ ಅಂದ್ನಿ."

"ಮೂರು ಸಲ ಚಿವುಟಿದ್ರ?" ನಾನು ಕೇಳಿದೆ. ಅಭ್ಯಾಸಬಲ!

"ಮೂರಂತಿದ್ನಿ. ನಕ್ಷತ್ರ ದೂರ ಇತ್ತವಾ, ಕಾಣಲಿಲ್ಲ. ಹುಡುಗ ಹತ್ತಿರ ನಿಂತಿದ್ದ, ಚಲೋ ಕಂಡ."

ಹುನಗುಂದದವರು ನಕ್ಕರು. ಮಾಮಾ ನಗಲಿಲ್ಲ. "ಚಷ್ಮಾದವನ ಹೆಂಡ್ತಿ ನೀ! ನನಗ ಹೇಳಬಾರದಾ?"

"ಊರ ಮಂದಿನ್ನೆಲ್ಲ ಮಾಳಿಗಿಗೆ ಕರದು ಕೇಳಿದ್ರಿ. ನನ್ನ ಅವತ್ತ ಕೇಳಿದ್ದು, ಮತ್ತ ಕೇಳಲೇ ಇಲ್ಲಲ್ರಿ."

ನನಗೆ ಆ ಸೀರೆ ಅಂಗಡಿಯ ಗೊಂಬೆ ನೆನಪಾಯಿತು.

ಮಾಮಾ ಎದ್ದು ಕೆಳಗೆ ಹೋದ. ಹಲಗೆ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಅತ್ತಿಯನ್ನು ಕೂಗಿದ, ಒಂದಾದ ಮೇಲೊಂದು ಗಾಜು ಬದಲಿಸುತ್ತ ಕೇಳಿದ, ಬರೆದುಕೊಂಡ. ಸ್ವಲ್ಪ ಹೊತ್ತಿಗೆ, ಮೂಗಿನ ಮೇಲೆ ತಪಾಸಣೆಯ ಆ ದೊಡ್ಡ ದುಂಡು ಚೌಕಟ್ಟು ಕೂರಿಸಿಕೊಂಡ ಅತ್ತಿಯನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ಉತ್ತರಕ್ಕೆ ನಿಲ್ಲಿಸಿದ. "ಎಷ್ಟು" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಏನ್ ಕಾಣ್ತೈತಿ, ಹೇಳು" ಎಂದ.

"ಯಾರೂ ಚಿವುಟಬ್ಯಾಡ್ರಿ ಮತ್ತ," ಎಂದು ಅತ್ತಿ ಕತ್ತೆತ್ತಿದಳು.

"ಅಯ್ಯ, ಬಾಜೂಕ ಸಣ್ಣದೊಂದು ಐತಲ್ರೀ! ಇಷ್ಟು ವರ್ಷ ಇಲ್ಲೇ ಇತ್ತೇನ್ರಿ ಇದು?"

ಮಾಮಾ ಆಕಾಶ ನೋಡುತ್ತಿರಲಿಲ್ಲ.

"ಇತ್ತು," ಎಂದ. "ನನಗ ಕಂಡಿರಲಿಲ್ಲ."