ಮುಕ್‌ನ ಕೆಟ್ಟ ಚಾಳಿಯೂ ಬಚ್ಚಿಟ್ಟ ಪೊರಕೆಯೂ

ಬಿರುಗಾಳಿಗೆ ಸಿಕ್ಕಿ ಉಂಡೆಯಾದ ಮೀನುಬಲೆಯನ್ನು ತಂದು ನನ್ನ ಮುಂದೆ ಎಸೆಯಿರಿ. ಕತ್ತರಿ ಮುಟ್ಟದೆ, ಒಂದು ನೂಲೂ ಹರಿಯದೆ, ದೀಪ ಹಚ್ಚುವುದರೊಳಗೆ ಬಿಡಿಸಿ ಹಾಸಿಕೊಡುತ್ತೇನೆ. ನಮ್ಮ ಕಡಲ ದಂಡೆಯಲ್ಲಿ ಇದನ್ನು ಅಲ್ಲಗಳೆಯುವವರು ಒಬ್ಬರಿದ್ದರೆ ತೋರಿಸಿ! ಅಂಥವಳಿಗೆ ಒಂದು ನಾಯಿಮರಿಯ ಬುದ್ಧಿಯ ಸಿಕ್ಕು ಬಿಡಿಸುವುದು ಯಾವ ಲೆಕ್ಕ? ಹೀಗೆಂದು ನಾನು ಸೊಸೆಯ ಮುಂದೆ ಎದೆ ತಟ್ಟಿಕೊಂಡು ಹೇಳಿದೆ. ನಾನು ಹೇಳುತ್ತಿರುವಾಗ ಆ ಮರಿ ನನ್ನ ಬೆನ್ನ ಹಿಂದೆಯೇ ನಿಂತು, ತಾನು ಆಗತಾನೆ ಹಾಕಿದ ಕಕ್ಕವನ್ನು ತಾನೇ ಬಿಸಿಬಿಸಿಯಾಗಿ ಸವಿಯುತ್ತಿತ್ತು.

ಬೆಕ್ಕು ತಾನಾಗಿ ಬಂದರೆ ಬಡತನ, ನಾಯಿ ತಾನಾಗಿ ಬಂದರೆ ಸಿರಿ ಎನ್ನುತ್ತಾರೆ ನಮ್ಮಲ್ಲಿ. ಈ ಮರಿ ತಾನಾಗಿಯೇ ಬಂದದ್ದು. ಬಲೆ ತುಂಬುವ ಬುಟ್ಟಿಯೊಳಗೆ ಒಂದು ಬೆಳಿಗ್ಗೆ ಮಲಗಿತ್ತು. ಮೈಯೆಲ್ಲ ಶಾಯಿ ಚೆಲ್ಲಿದ ಹಾಗೆ ಕಪ್ಪಿದ್ದುದರಿಂದ ಮುಕ್, ಅಂದರೆ ಶಾಯಿ, ಎಂದು ಹೆಸರಿಟ್ಟೆ. ನನ್ನ ಯಜಮಾನರು ತೀರಿಹೋದ ಮೇಲೆ ನನ್ನ ಕಾಲ ಬುಡದಲ್ಲಿ ಬೆಚ್ಚಗೆ ಮಲಗಿದ ಮೊದಲ ಜೀವ ಅವನೇ. ಆಮೇಲೆ ಅವನನ್ನು ‘ಅದು’ ಎನ್ನಲು ನನ್ನ ನಾಲಿಗೆ ಒಪ್ಪಲಿಲ್ಲ.

ಸೊಸೆ ಥೋವಾಳ ನಾಲಿಗೆ ಒಪ್ಪಿತು. ಅವಳದೂ ತಪ್ಪಲ್ಲ. ನನ್ನ ಮೊಮ್ಮಗಳು ತೆಪ್ ಈಗಷ್ಟೇ ಅಂಬೆಗಾಲಿಡುತ್ತಾಳೆ. ಮುಕ್‌ಗೆ ಅವಳ ಮೇಲೆ ಪ್ರಾಣ. ಊಟ ಮುಗಿಸಿದ ಕೂಡಲೇ ಓಡಿ ಹೋಗಿ ಅವಳ ಕೆನ್ನೆ ನೆಕ್ಕುತ್ತಾನೆ. ಯಾವ ಊಟ ಎಂಬುದೇ ತಕರಾರು.

“ಅಮ್ಮಾ, ನೀವು ಹೇಳಿದ ಸಿರಿ ಬಂದಿದ್ದೇನೋ ನಿಜ,” ಎಂದಳು ಥೋವಾ, ಮಗುವಿನ ಕೆನ್ನೆ ಉಜ್ಜಿ ಉಜ್ಜಿ ಕೆಂಪು ಮಾಡುತ್ತ. “ಆದ್ರೆ ಅದು ಎಲ್ಲಿ ಬಾಯಿ ಹಾಕಿ ಬಂದು ನನ್ನ ಮಗೂಗೆ ಮುತ್ತು ಕೊಡ್ತಿದೆ ಅಂತ ನೋಡಿದ್ರಾ? ನಾಳೆ ಇವಳ ಹೊಟ್ಟೆ ತುಂಬ ಹುಳ ಆದ್ರೆ ಯಾರು ಜವಾಬ್ದಾರಿ?”

ಮಗ ತ್ವಾನ್ ಬಾಯಿ ತುಂಬ ಅನ್ನ ತುಂಬಿಕೊಂಡ. ಮನೆಯಲ್ಲಿ ಹೆಂಗಸರ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಹಸಿವಾಗುತ್ತದೆ.

ಕೊನೆಗೆ ಥೋವಾ ತೀರ್ಪು ಕೊಟ್ಟಳು. ಹೊಸ ವರ್ಷದ ತೆತ್ ಹಬ್ಬ ಬರುತ್ತಿದೆ. ಹಬ್ಬದ ನಾಲ್ಕನೆಯ ದಿನ ಅವಳ ಅಣ್ಣ ಮೋಟಾರ್‌ಸೈಕಲ್‌ನಲ್ಲಿ ಬರುತ್ತಾನೆ. ಅಷ್ಟರೊಳಗೆ ಚಾಳಿ ಬಿಟ್ಟರೆ ಮುಕ್ ಈ ಮನೆಯ ಮಗ. ಬಿಡದಿದ್ದರೆ ಅಣ್ಣನ ಸಿಗಡಿ ಹೊಂಡ ಕಾಯಲು, ಮೂರು ಊರಿನಾಚೆಗೆ. ಆಗಲೇ ನಾನು ಎದೆ ತಟ್ಟಿಕೊಂಡದ್ದು, ಬಲೆಯ ಮಾತು ಆಡಿದ್ದು. ತಟ್ಟಿದ ಕೈಯ ಕೆಳಗೆ ಎದೆ ಡವಗುಟ್ಟುತ್ತಿದ್ದುದು ಅವಳಿಗೆ ಕೇಳಿಸದಿರಲಿ ಎಂದೇ ಸ್ವಲ್ಪ ಜೋರಾಗಿ ತಟ್ಟಿಕೊಂಡೆ.

ಪಕ್ಕದ ಮನೆಯ ಮಿಯೆನ್, ಸೋಯಾ ಗಿಣ್ಣು ಮಾರುವವಳು. ಬುದ್ಧಿಮಾತನ್ನು ಪುಕ್ಕಟೆ ಕೊಡುತ್ತಾಳೆ. ಕಕ್ಕದ ಮೇಲೆ ಖಾರದ ಮೆಣಸಿನಕಾಯಿ ಕುಟ್ಟಿ ಹಾಕಿದರೆ ಜನ್ಮದಲ್ಲಿ ಮುಟ್ಟುವುದಿಲ್ಲ ಎಂದಳು. ಸರಿ, ಕಲ್ಲಿನ ಕುಟ್ಟಾಣಿ ತೆಗೆದೆ. ಕೆಂಪು ಮೆಣಸಿನಕಾಯಿ ಹಾಕಿ ಕುಟ್ಟಿದೆ. ಕುಟ್ಟಾಣಿಯಲ್ಲಿ ಕೈ ಇಟ್ಟ ಮೇಲೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮದುವೆಯಾದಂದಿನಿಂದ ಅದಕ್ಕೆ ಅದರದೇ ದಾರಿ. ಬೆಳ್ಳುಳ್ಳಿ ಬಿತ್ತು. ಚಿಟಿಕೆ ಸಕ್ಕರೆ ಬಿತ್ತು. ನಿಂಬೆಹಣ್ಣು ಹಿಂಡಿಯಾಯಿತು. ಮೇಲೆ ಒಂದು ಚಮಚ, ತೊಟ್ಟಿಯಲ್ಲಿ ಉಪ್ಪಿನೊಡನೆ ಕಳಿತ ಒಳ್ಳೆಯ ಮೀನುರಸ. ಹಿತ್ತಿಲ ಇಟ್ಟಿಗೆ ನೆಲದಲ್ಲಿ ಮುಕ್ ಹಾಕಿದ್ದರ ಮೇಲೆ ಅದನ್ನು ಒಪ್ಪವಾಗಿ ಸುರಿದು, ದೂರ ನಿಂತು ಕಾದೆ.

ಮುಕ್ ಮೂಸಿ ನೋಡಿದ. ತಲೆಯೆತ್ತಿ ನನ್ನ ಮುಖ ನೋಡಿದ. ಅಂಥ ಕೃತಜ್ಞತೆಯನ್ನು ನಾನು ಹೆತ್ತ ಮಗನ ಕಣ್ಣಲ್ಲಿಯೂ ಕಂಡಿಲ್ಲ. ಅಲ್ಲಿಯವರೆಗೆ ಸಪ್ಪೆ ತಿಂದು ಬದುಕಿದ್ದ ಬಡಪಾಯಿಗೆ ಮೊದಲ ಬಾರಿ ಯಾರೋ ಚಟ್ನಿ ಬಡಿಸಿದ್ದರು! ತಿಂದ, ಇಟ್ಟಿಗೆ ನೆಕ್ಕಿದ, ಇಟ್ಟಿಗೆಯ ಸಂದು ನೆಕ್ಕಿದ, ನನ್ನ ಬೆರಳು ನೆಕ್ಕಲು ಬಂದ.

“ಅಕ್ಕಾ, ನಿಂಬೆಹಣ್ಣು ಹಿಂಡಿ ಅಂತ ಯಾರು ಹೇಳಿದ್ರು ನಿಮಗೆ?” ಎಂದು ಮಿಯೆನ್ ಗೋಡೆಯಾಚೆಯಿಂದ ಕೇಳಿದಳು.

“ಬರೀ ಮೆಣಸಿನಕಾಯಿ ಹೇಗೆ ಹಾಕ್ಲಿ? ಏನೇ ಆದ್ರೂ ಒಂದು ಹದ ಅಂತ ಬೇಡ್ವಾ?”

ಅವಳ ಮುಂದಿನ ಮದ್ದು ಅನಾನಸ್. ಹೊಟ್ಟೆಗೆ ಅನಾನಸ್ ಹೋದರೆ ಹೊರಗೆ ಬರುವುದು ನಾಯಿಗೇ ಹೇಸಿಗೆಯಾಗುತ್ತದಂತೆ. ಮುಕ್ ಅನಾನಸನ್ನು ಮುಟ್ಟಲಿಲ್ಲ. ನಾನು ತಿರುಗುವಷ್ಟರಲ್ಲಿ ತೆಪ್ ಎಲ್ಲ ತಿಂದಿದ್ದಳು. ಆ ದಿನ ಈ ಮನೆಯಲ್ಲಿ ಯಾರ ಕಕ್ಕ ಕಾಯಬೇಕೆಂದು ನನಗೇ ತಿಳಿಯದೆ ಹೋಯಿತು. ಥೋವಾ ಮಗುವಿನ ಬಟ್ಟೆಗಳನ್ನು ಬಡಿದು ಬಡಿದು ಒಗೆದಳು. ನನ್ನನ್ನೇ ಬೈದಿದ್ದರೆ ವಾಸಿಯಿತ್ತು.

ಹೆದರಿಸಿ ನೋಡಿದೆ. ಗದರಿದಷ್ಟೂ ಅವನು ಬೇಗ ನುಂಗಿದ, ಸಿಕ್ಕಿಬಿದ್ದ ಕಳ್ಳನೊಬ್ಬ ಸಾಕ್ಷಿಯನ್ನು ಬಾಯಿಗೆ ಹಾಕಿಕೊಂಡ ಹಾಗೆ. ಆಗ ನನಗೆ ಬುದ್ಧಿ ಬಂತು. ಸಿಕ್ಕಾದ ನೂಲನ್ನು ಎಳೆದರೆ ಗಂಟು ಬಿಗಿಯುತ್ತದೆ. ಎಳೆಯಬಾರದು, ಸಡಿಲ ಬಿಡಬೇಕು. ಇಷ್ಟು ವರ್ಷ ಬಲೆ ಬಿಡಿಸಿದವಳು ಇದನ್ನು ಮರೆತಿದ್ದೆ!

ಗೆಣಸು ಬೇಯಿಸಿ, ಉಗುರಿನಷ್ಟು ಗಾತ್ರದ ಚೂರು ಮಾಡಿ, ಅಂಗಿಯ ಜೇಬಿಗೆ ತುಂಬಿಕೊಂಡೆ. ಒಂದು ಗಿಡ್ಡ ಪೊರಕೆ, ಒಂದು ಮೊರ. ಹಿತ್ತಿಲಲ್ಲಿ ಬಲೆ ಹಾಕಿಕೊಂಡು ಕೂತೆ. ಕೈ ಬಲೆಯ ಮೇಲೆ, ಕಣ್ಣು ಮುಕ್‌ನ ಬಾಲದ ಮೇಲೆ. ಅವನು ನೆಲ ಮೂಸಿ ಸುತ್ತು ಹಾಕಿದರೆ ಏಳಬೇಕು. ಬೆನ್ನು ಬಾಗಿದರೆ ಹತ್ತಿರ ಹೋಗಬೇಕು. ಕೆಲಸ ಮುಗಿದ ಕ್ಷಣಕ್ಕೆ ಎಡಗೈಯ ಗೆಣಸು ಮೂಗಿನ ಮುಂದೆ. ಅವನು ತಿರುಗಿದ ಕ್ಷಣಕ್ಕೆ ಬಲಗೈಯ ಪೊರಕೆಯಿಂದ ಕಕ್ಕ ಮೊರದೊಳಗೆ. ಒಂದು ಉಸಿರು ತಡವಾದರೆ ಸೋತೆ. ಯಾವ ರಾಣಿಯ ಹಿಂದೆಯೂ ಯಾವ ದಾಸಿಯೂ ಅಷ್ಟು ಭಕ್ತಿಯಿಂದ ನಡೆದಿರಲಾರಳು.

ಒಮ್ಮೆಯೂ ಸೋಲಲಿಲ್ಲ. ಆದರೆ ಒಂದು ಹುಳ ತಲೆ ಹೊಕ್ಕು ಕೊರೆಯತೊಡಗಿತು. ಮುಕ್ ನಿಜವಾಗಿ ಚಾಳಿ ಬಿಟ್ಟನೋ, ಅಥವಾ ನನ್ನ ಪೊರಕೆ ಅವನ ಬಾಯಿಗಿಂತ ಬೇಗ ಹೋಗುತ್ತಿದೆಯೋ? ತಿಳಿಯಬೇಕಾದರೆ ಪೊರಕೆ ಕೆಳಗಿಡಬೇಕು. ಇಡಲು ನನಗೆ ಧೈರ್ಯವಿರಲಿಲ್ಲ.

ಹಬ್ಬದ ಮುನ್ನಾದಿನ ಥೋವಾ ಅವನ ಬಾಯಿ ತೆರೆಸಿ ಮೂಸಿದಳು. “ಗೆಣಸಿನ ವಾಸ್ನೆ,” ಎಂದಳು. “ಪರ್ವಾಗಿಲ್ಲ ಅಮ್ಮಾ. ಹಬ್ಬ ಕಳೀಲಿ, ನೋಡೋಣ.” ನಾನು ಬೀಗಿದೆ. ಬೀಗಿದ್ದು ಎಷ್ಟು ಹೊತ್ತು? ಅವಳು ಮನೆಯನ್ನು ಮೂಲೆ ಮೂಲೆ ಗುಡಿಸಿ, ಮನೆಯಲ್ಲಿದ್ದ ಪೊರಕೆಗಳನ್ನೆಲ್ಲ ಒಟ್ಟು ಮಾಡಿ, ಹಗ್ಗದಿಂದ ಕಟ್ಟಿ, ಅಟ್ಟದ ಮೇಲೆ ಬಚ್ಚಿಡುವಷ್ಟು ಹೊತ್ತು. ನನ್ನ ಗಿಡ್ಡ ಪೊರಕೆಯೂ ಆ ಕಟ್ಟಿನಲ್ಲಿತ್ತು.

ಮರೆತೇ ಹೋಗಿತ್ತು ನನಗೆ! ವರ್ಷದ ಮೊದಲ ಮೂರು ದಿನ ನಾವು ಗುಡಿಸುವುದಿಲ್ಲ. ಕಸವನ್ನು ಹೊರಗೆ ಹಾಕುವುದಿಲ್ಲ. ಹಾಕಿದರೆ ಕಸದ ಜೊತೆಗೆ ಮನೆಯ ಭಾಗ್ಯವೂ ಹೊಸ್ತಿಲು ದಾಟುತ್ತದೆ. ಇದರಲ್ಲಿ ಥೋವಾ ನನಗಿಂತ ಕಟ್ಟುನಿಟ್ಟು. ಒಂದು ವರ್ಷ ಅಪ್ಪಿತಪ್ಪಿ ಕಲ್ಲಂಗಡಿ ಬೀಜದ ಸಿಪ್ಪೆ ಗುಡಿಸಿದ್ದಕ್ಕೇ ಗಂಡನ ದೋಣಿಯ ಎಂಜಿನ್ ಕೆಟ್ಟಿತೆಂದು ಈಗಲೂ ನಂಬಿದ್ದಾಳೆ.

“ಚಿಕ್ಕ ಪೊರಕೆ ಒಂದು ಕೆಳಗಿರ್ಲಿ, ಥೋವಾ,” ಎಂದೆ.

“ಯಾಕಮ್ಮಾ? ಅದು ಚಾಳಿ ಬಿಟ್ಟಾಯ್ತಲ್ಲ.”

ನಾನೂ ಬಾಯಿಗೆ ಅನ್ನ ತುಂಬಿಕೊಳ್ಳಬಹುದಿತ್ತು. ಅದು ಊಟದ ಹೊತ್ತಾಗಿರಲಿಲ್ಲ.

ಹಬ್ಬದ ಬೆಳಿಗ್ಗೆ ಮನೆಯ ಎರಡು ಬಾಗಿಲೂ ಭದ್ರ. ಹೊಸ ವರ್ಷದಲ್ಲಿ ಮೊದಲು ಒಳಗೆ ಕಾಲಿಟ್ಟವರ ಕಾಲ್ಗುಣವೇ ವರ್ಷವಿಡೀ ಮನೆಗೆ. ಅದಕ್ಕೆಂದೇ ಮೀನುರಸದ ತೊಟ್ಟಿಗಳ ಒಡೆಯ ಖಿಯೆಮ್ ಯಜಮಾನರಿಗೆ ಥೋವಾ ತಿಂಗಳ ಮೊದಲೇ ಹೇಳಿಟ್ಟಿದ್ದಳು. ಅವರಿಗೆ ಮೊಮ್ಮಕ್ಕಳ ದಂಡಿದೆ, ತೊಟ್ಟಿ ಎಂದೂ ಬತ್ತಿದ್ದಿಲ್ಲ. ಅವರು ಬರುವ ತನಕ ಮನೆಯವರು ಯಾರೂ ಹೊರಗೆ ಹೋಗುವ ಹಾಗಿಲ್ಲ. ಹೋಗಿ ಮರಳಿ ಬಂದರೆ ಅವರ ಕಾಲೇ ಮೊದಲನೆಯದಾಗುತ್ತದಲ್ಲ!

ಮುಕ್ ಹಿತ್ತಿಲ ಬಾಗಿಲು ಕೆರೆದ. ಕುಂಯ್‌ಗುಟ್ಟಿದ.

“ಬಿಡಬೇಡಿ ಅಮ್ಮಾ,” ಎಂದಳು ಥೋವಾ. ರೇಷ್ಮೆಯ ನಿಲುವಂಗಿ ತೊಟ್ಟು, ಮಗುವನ್ನು ಸೊಂಟದ ಮೇಲಿಟ್ಟು ನಿಂತಿದ್ದಳು. “ಹೊರಗೆ ಹೋಗಿ ಬಂದ್ರೆ ಈ ವರ್ಷ ಪೂರ್ತಿ ನಮಗೆ ಅದರ ನಾಲ್ಕು ಕಾಲಿನ ಗುಣ.”

ಮುಕ್ ಕಾದ. ಆದಷ್ಟು ಕಾದ. ಆಮೇಲೆ ತೀರಿಹೋದ ಹಿರಿಯರ ಪೂಜಾಪೀಠದ ಮುಂದೆ, ಸರಿಯಾಗಿ ನನ್ನ ಯಜಮಾನರ ಪಟದ ಕೆಳಗೆ, ನೆಲ ಮೂಸಿ ಒಂದು ಸುತ್ತು ಹಾಕಿದ. ಬೆನ್ನು ಬಾಗಿತು. ಇಲ್ಲದ ಪೊರಕೆಗಾಗಿ ನನ್ನ ಬಲಗೈ ಗಾಳಿಯಲ್ಲಿ ತಡಕಾಡಿತು. ಹಿಂದಿನ ದಿನ ಹಂದಿಮಾಂಸದ ಕಡುಬು ತಿಂದವನು. ಹಬ್ಬಕ್ಕೆ ತಕ್ಕ ಹಾಗೆಯೇ ಹಾಕಿದ.

ಥೋವಾ ನೋಡುತ್ತಿದ್ದಳು. ನಾನು ನೋಡುತ್ತಿದ್ದೆ. ಪಟದೊಳಗಿಂದ ಯಜಮಾನರು ನೋಡುತ್ತಿದ್ದರು. ಮುಕ್ ತಿರುಗಿ ಅದನ್ನು ಮೂಸಿದ. ನನಗೆ ಸಿಗಡಿ ಹೊಂಡ ಕಂಡಿತು. ಮೋಟಾರ್‌ಸೈಕಲ್‌ಗೆ ಕಟ್ಟಿದ ಬುಟ್ಟಿ ಕಂಡಿತು. ಅದರ ಸಂದಿಯಲ್ಲಿ ಕಪ್ಪು ಮೂಗು ಕಂಡಿತು. ‘ನೋಡಿ, ನಿಮ್ಮ ಎದುರಲ್ಲೇ ಇದೆ, ಏನಾದರೂ ಮಾಡಿ’ ಎಂದು ಪಟಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಮುಕ್ ತಲೆಯೆತ್ತಿದ. ಅದನ್ನು ಅಲ್ಲೇ ಬಿಟ್ಟು, ನೆಟ್ಟಗೆ ನನ್ನ ಬಳಿ ಬಂದು ಕೂತು, ನನ್ನ ಜೇಬನ್ನೇ ನೋಡಿದ.

ಬಿಟ್ಟಿದ್ದ! ನಿಜವಾಗಿ ಬಿಟ್ಟಿದ್ದ! ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಹೊಲಸು ಕಂಡಲ್ಲಿಗೆ ಹಾರುತ್ತದೆ ಎಂಬ ಗಾದೆಯನ್ನು ನನ್ನ ಗೆಣಸು ಸುಳ್ಳು ಮಾಡಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳುವಾಗ ನನ್ನ ಕಣ್ಣೂ ಥೋವಾಳ ಕಣ್ಣೂ ಮತ್ತೆ ಪೀಠದ ಮುಂದಕ್ಕೆ ಹೋದವು. ಮುಕ್ ಬಿಟ್ಟದ್ದು ಅಲ್ಲೇ ಇತ್ತು. ಗುಡಿಸುವ ಹಾಗಿಲ್ಲ. ಎಸೆಯುವ ಹಾಗಿಲ್ಲ. ಮುಂಬಾಗಿಲ ಹೊರಗೆ ಖಿಯೆಮ್ ಯಜಮಾನರು ಕೆಮ್ಮಿದರು. ತ್ವಾನ್‌ನ ಕೈ ಅಗುಳಿಯ ಮೇಲಿತ್ತು.

ನಾನು ಅಕ್ಕಿ ತೊಳೆಯುವ ಬೋಗುಣಿ ತಂದು ಅದರ ಮೇಲೆ ಬೋರಲು ಹಾಕಿದೆ.

ಖಿಯೆಮ್ ಯಜಮಾನರು ಬಲಗಾಲಿಟ್ಟು ಒಳಗೆ ಬಂದರು, ಆಯುಷ್ಯ ಆರೋಗ್ಯ ಹಾರೈಸಿದರು, ತೆಪ್‌ಳ ಕೈಗೆ ಹಬ್ಬದ ದುಡ್ಡಿನ ಕೆಂಪು ಲಕೋಟೆ ಕೊಟ್ಟರು. ಪೀಠಕ್ಕೆ ಊದುಬತ್ತಿ ಹಚ್ಚಲು ಹೋದವರು ಬೋಗುಣಿಯನ್ನು ಕಂಡರು. ಅದರ ಪಕ್ಕದಲ್ಲಿ ಮುಕ್ ಕಿವಿ ನೆಟ್ಟಗೆ ಮಾಡಿ ಕೂತಿದ್ದ. ಅವನಿಗೆ ಬರಬೇಕಾದ ಗೆಣಸು ಇನ್ನೂ ಬಂದಿರಲಿಲ್ಲವಲ್ಲ.

“ಏನಿಟ್ಟಿದ್ದೀರಿ ತಾಯಿ, ಇದರಡಿ?”

ವರ್ಷದ ಮೊದಲ ದಿನ ಕೆಟ್ಟ ಮಾತು ಆಡಬಾರದು. ಸುಳ್ಳೂ ಆಡಬಾರದು. “ಮನೆಯಿಂದ ಹೊರಗೆ ಹೋಗಬಾರದ್ದು, ಯಜಮಾನ್ರೇ,” ಎಂದೆ.

ಮನೆಯ ಭಾಗ್ಯವನ್ನೇ ಮುಚ್ಚಿಟ್ಟಿದ್ದೇವೆಂದು ತಿಳಿದರೇನೋ, ಅವರಿಗೆ ಬಹಳ ಹಿಡಿಸಿತು. ಕಾವಲಿಗೆ ನಾಯಿಯನ್ನು ಬೇರೆ ಕೂರಿಸಿದ್ದೀರಿ ಎಂದು ಮೆಚ್ಚಿ, ಬೋಗುಣಿಗೆ ಮೂರು ಸಲ ತಲೆಬಾಗಿದರು. ಥೋವಾ ಮಗುವಿನ ಬೆನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ, ತಿಳಿದುಕೊಳ್ಳಲು ಭಯವಾಯಿತು.

ಮುಕ್ ಬೋಗುಣಿಯ ಪಕ್ಕದಿಂದ ನನ್ನನ್ನೇ ನೋಡಿ ಬೊಗಳಿದ, ಬಾಕಿ ಕೇಳುವವನ ಹಾಗೆ. ಬಾಯಿ ಮುಚ್ಚಿಸಲು ಒಂದು ಚೂರು ಗೆಣಸು ಕೊಟ್ಟೆ. ಅಲ್ಲಿ ನಾನು ಕೆಟ್ಟೆ. ಅವನು ನುಂಗಿ, ತಲೆ ಓರೆ ಮಾಡಿ, ಯೋಚಿಸಿದ. ಗಂಟು ಬೀಳುವುದು ನನಗೆ ದೂರದಿಂದಲೇ ತಿಳಿಯುತ್ತದೆ. ಅವನು ಎದ್ದು ಕಿತ್ತಳೆ ಗಿಡದ ಕುಂಡದ ಬಳಿ ಹೋಗಿ, ತಿಣುಕಿ, ಅವರೆಕಾಳಿನಷ್ಟನ್ನು ಹಾಕಿ, ಓಡಿ ಬಂದು ನನ್ನ ಜೇಬಿನ ಮುಂದೆ ಕೂತ.

ನಾನು ಕಲಿಸಿದ್ದು ಚಾಳಿ ಬಿಡುವುದನ್ನಲ್ಲ, ವ್ಯಾಪಾರವನ್ನು! ಒಂದು ಹಾಕಿದರೆ ಒಂದು ಗೆಣಸು.

ಥೋವಾ ಅದರ ಮೇಲೆ ಅನ್ನದ ಬಟ್ಟಲು ಬೋರಲು ಹಾಕಿದಳು. ಖಿಯೆಮ್ ಯಜಮಾನರು ಅತ್ತ ತಿರುಗಿ ಅದಕ್ಕೂ ತಲೆಬಾಗಿದರು.

ಅವರ ಹಿಂದೆ ನೆಂಟರು ಬಂದರು, ನೆಂಟರ ಹಿಂದೆ ಕೇರಿ ಬಂತು. ಬಾಗಿಲು ತೆರೆದಿದ್ದರೂ ಮುಕ್ ಹೊರಗೆ ಹೋಗಲೊಲ್ಲ. ಗೆಣಸಿನ ಅಂಗಡಿ ಒಳಗಿತ್ತು. ಗೆಣಸು ಕೊಟ್ಟರೆ ಇನ್ನೊಂದು ಕಾಳು, ಕೊಡದಿದ್ದರೆ ಬೊಗಳು. ಅನ್ನದ ಬಟ್ಟಲು ಮುಗಿದವು, ಸಾರಿನ ಬಟ್ಟಲು ಮುಗಿದವು, ಕೊನೆಗೆ ಕುಟ್ಟಾಣಿಯನ್ನೂ ಮಗುಚಿದೆವು. ತೆಪ್‌ಳಿಗೆ ಮುಚ್ಚಿದ್ದನ್ನು ತೆರೆಯುವುದೆಂದರೆ ಪ್ರೀತಿ. ತ್ವಾನ್ ಅವಳನ್ನು ಇಡೀ ದಿನ ಹೆಗಲ ಮೇಲಿಂದ ಇಳಿಸಲಿಲ್ಲ. ಮನೆಯಲ್ಲಿ ತಟ್ಟೆಯೆಂಬುದಿಲ್ಲದೆ ನೆಂಟರು ಕಡುಬನ್ನು ಅದಕ್ಕೆ ಸುತ್ತಿದ್ದ ಎಲೆಯ ಮೇಲೆಯೇ ತಿಂದು, ಹಳೆಯ ಸಂಪ್ರದಾಯ ಉಳಿಸಿಕೊಂಡಿದ್ದೀರಿ ಎಂದು ಹೊಗಳಿ ಹೋದರು.

ಸಂಜೆ ಕೊನೆಯ ನೆಂಟರು ಹೋದ ಮೇಲೆ ಥೋವಾ ಆ ರೇಷ್ಮೆಯಲ್ಲೇ ನೆಲಕ್ಕೆ ಕೂತಳು. ಮುಕ್ ಹೋಗಿ ಅವಳ ತೊಡೆಯ ಮೇಲೆ ಗದ್ದವಿಟ್ಟ.

“ಅಮ್ಮಾ, ಅಣ್ಣಂಗೆ ಹೇಳ್ತೀನಿ. ಮುಕ್ ಎಲ್ಲಿಗೂ ಹೋಗಲ್ಲ. ಅವನು ಚಾಳಿ ಬಿಟ್ಟಿದ್ದನ್ನ ನಾನೇ ಕಣ್ಣಾರೆ ಕಂಡೆ.”

ಅವನು ಎಂದಳು! ನನ್ನ ಎದೆ ಬಲೆಯ ಹಾಗೆ ಬಿಚ್ಚಿಕೊಂಡಿತು. “ನಾನು ಹೇಳಿರಲಿಲ್ವಾ ಥೋವಾ, ಎಂಥ ಸಿಕ್ಕಾದ್ರೂ ನನ್ನ ಕೈಗೆ...” ಎಂದು ಶುರು ಮಾಡಿದೆ.

ಅವಳು ಕೈಯೆತ್ತಿ ತಡೆದಳು. ಮನೆ ತುಂಬ ಬೋರಲು ಬಿದ್ದ ಪಾತ್ರೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. ಅಟ್ಟದ ಮೇಲಿನ ಪೊರಕೆ ಕಟ್ಟನ್ನು ನೋಡಿದಳು. ಆಮೇಲೆ ಮೆಲ್ಲಗೆ, ಪಟದಲ್ಲಿದ್ದ ಮಾವನಿಗೆ ಕೇಳಿಸದ ಹಾಗೆ ಹೇಳಿದಳು:

“ಪೊರಕೆ ಇಳಿಸೋ ತನಕ ಮಾತ್ರ, ಅವನ ಹಳೇ ಚಾಳಿ ಸ್ವಲ್ಪ ವಾಪಸ್ ಕಲಿಸಕ್ಕಾಗುತ್ತಾ ಅಮ್ಮಾ? ಮೀನುರಸ ನಾನು ತರ್ತೀನಿ. ನಿಂಬೆಹಣ್ಣು ನೀವು ಹಿಂಡಿ.”