ಗುಮ್ಮಟವೀಣೆ

ತಿರುಮಲೇಶನಿಗೆ ಯಾರ ಮುಂದೆಯೂ 'ಇಲ್ಲ' ಅನ್ನಲು ನಾಲಗೆ ಹೊರಳುತ್ತಿರಲಿಲ್ಲ. ಘಾಟ್ಕೋಪರಿನ ಕನ್ನಡ ಸಂಘದವರು ಅವನನ್ನು ಸಾಂಸ್ಕೃತಿಕ ಕಾರ್ಯದರ್ಶಿ ಮಾಡಿದ್ದೂ ಆ ಒಂದು ಅರ್ಹತೆ ನೋಡಿಯೇ.

ವಾರ್ಷಿಕೋತ್ಸವ ಹತ್ತಿರ ಬಂದಾಗ ಅಧ್ಯಕ್ಷ ವೆಂಕಟಸುಬ್ಬಯ್ಯನವರು, ನಿವೃತ್ತ ಹೆಡ್‌ಮಾಸ್ತರು, ಅವನನ್ನು ಕರೆಸಿ, "ಈ ಸಲ ಅಪ್ಪಟ ಜಾನಪದ ಕಣಯ್ಯ. ವೇದಿಕೆ ಮೇಲೆ ಕರೆಂಟಿನ ವಾದ್ಯ ಒಂದು ಕಂಡರೂ ನಾನು ರಾಜೀನಾಮೆ ಕೊಡ್ತೀನಿ" ಎಂದರು.

"ಆಗಲಿ ಸಾರ್" ಎಂದ ತಿರುಮಲೇಶ.

ಮೆಟ್ಟಿಲಿಳಿಯುತ್ತಿದ್ದಂತೆ ಯುವಕರ ಗುಂಪಿನ ವನಮಾಲಾ ಅಡ್ಡಹಾಕಿದಳು. "ಅಂಕಲ್, ಕೀಬೋರ್ಡ್ ಇಲ್ಲ ಅಂದ್ರೆ ಕೋಯೀ ನಹೀ ಆಯೇಗಾ, ಒಬ್ರೂ ಬರಲ್ಲ. ನೆಕ್ಸ್ಟ್ ಇಯರ್ ನಾವು ಹಿಂದಿ ಆರ್ಕೆಸ್ಟ್ರಾನೇ ಇಡ್ತೀವಿ."

"ಆಗಲಮ್ಮ, ಕೀಬೋರ್ಡೇ ಇಡಿಸೋಣ" ಎಂದುಬಿಟ್ಟ.

ಹೀಗೆ ಎರಡು ದೋಣಿಯಲ್ಲಿ ಒಂದೊಂದು ಕಾಲಿಟ್ಟು ನಿಂತವನಿಗೆ ಕಾರ್ಯಕ್ರಮದ ಭಾನುವಾರ ಬಂದೇಬಂತು. ಬೆಳಿಗ್ಗೆಯೇ ಜೋಗೇಶ್ವರಿಗೆ ಹೋಗಿ ಚಂದ್ರವ್ವನನ್ನು ಕರೆದುಕೊಂಡು ಹೊರಟ. ಬೈಲಹೊಂಗಲ ಕಡೆಯ ಆಕೆ ಅಲ್ಲೊಂದು ಬಾಚಣಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಬೀಸುವ ಪದ ಹಾಡಿಕೊಳ್ಳುತ್ತಿದ್ದಳು. ದಾದರಿನಲ್ಲಿ ಶರೀಫ ಸೇರಿಕೊಂಡ. ಹುಬ್ಬಳ್ಳಿಯವನು, ಗ್ರಾಂಟ್ ರೋಡಿನ ಮದುವೆ ಬ್ಯಾಂಡಿನಲ್ಲಿ ಕೀಬೋರ್ಡ್ ಬಾರಿಸುವವನು. ಸಂಘದವರ ಕಣ್ಣಿಗೆ ಬೀಳದಿರಲೆಂದು ಬೆಡ್‌ಶೀಟಿನಲ್ಲಿ ಸುತ್ತಿದ್ದ ಕೀಬೋರ್ಡನ್ನು ಇಬ್ಬರೂ ಹೊತ್ತು ಸ್ಟೇಷನ್ನಿನ ಸೇತುವೆ ಹತ್ತುವಾಗ ಜನ ಹೆಣಕ್ಕೆ ಬಿಡುವಂತೆ ಭಕ್ತಿಯಿಂದ ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿಯನ್ನೂ ತೆಗೆದ.

ಲೋಕಲ್ ರೈಲಿನಲ್ಲಿ ಕೂತಮೇಲೆ ತಿರುಮಲೇಶ ಅಳುಕುತ್ತ, "ಅಮ್ಮಾ, ನೀವು ಹಾಡುವಾಗ ಹಿಂದೆ ಈ ಪೆಟ್ಟಿಗೆ ಬಾರಿಸ್ತಾರೆ. ತಪ್ಪು ತಿಳ್ಕೋಬೇಡಿ" ಎಂದ.

"ತಪ್ಪ್ಯಾಕ ತಿಳೀಲಿ ತಮ್ಮಾ? ನಮ್ಮವ್ವ ಇಳಕಲ್ ಸೀರಿ ಉಟ್ಟು ಹಾಡತಿದ್ಲು, ನಾ ನೈಲಾನ್ ಸೀರಿ ಉಟ್ಟು ಹಾಡತೀನಿ. ಪದ ಏನ್ ಬ್ಯಾರೆ ಆತೇನು?"

ಆಕೆಯ ಒಪ್ಪಿಗೆಯೇನೋ ಸಿಕ್ಕಿತು. ಅಧ್ಯಕ್ಷರ ಕಣ್ಣು ತಪ್ಪಿಸಬೇಕಿತ್ತು. ತಿರುಮಲೇಶ ಶರೀಫನನ್ನು ವೇದಿಕೆಯ ಹಿಂಪರದೆಯಾಚೆ ಕೂರಿಸಿ, ತಾನು ಏನೂ ಅರಿಯದವನಂತೆ ಬಂದು ಅಧ್ಯಕ್ಷರ ಪಕ್ಕದಲ್ಲೇ ಕೂತ.

"ಕಲ್ಲು ತಿರುಗಲಿ ತಂಗಿ, ಜೋಳ ನುರಿಯಲಿ ತಂಗಿ" ಎಂದು ಚಂದ್ರವ್ವ ದನಿ ಎತ್ತಿದ್ದೇ ತಡ, ಹಿಂದಿನ ಸಾಲಿನ ಹುಡುಗರ ಬಾಯಲ್ಲಿ ಬಟಾಟೆವಡೆ ನಿಂತಲ್ಲೇ ನಿಂತಿತು. ಎರಡನೆಯ ನುಡಿಗೆ ಪರದೆಯ ಹಿಂದಿನಿಂದ ಸಂಗೀತ ಹೊರಟಿತು. ವೆಂಕಟಸುಬ್ಬಯ್ಯನವರ ಕಿವಿ ಮೊಲದ ಕಿವಿಯಂತೆ ನೆಟ್ಟಗಾಯಿತು.

"ಏನಯ್ಯ ಅದು?"

"ಕೊಳಲು ಸಾರ್."

"ಕೊಳಲಿನ ಜೊತೆ ಡೋಲು, ಪಿಟೀಲು, ಗುಬ್ಬಚ್ಚಿ ಎಲ್ಲ ಕೇಳಿಸ್ತಿದೆ. ಎಷ್ಟು ಜನ ಇದಾರೆ ಹಿಂದೆ?"

"ಒಬ್ಬನೇ ಸಾರ್. ಅದು..." ತಿರುಮಲೇಶನ ಬೆನ್ನಿನಲ್ಲಿ ಬೆವರು ಲೋಕಲ್ಲಿನ ವೇಗದಲ್ಲಿ ಇಳಿಯಿತು. "ಅದು ಗುಮ್ಮಟವೀಣೆ. ವಿಜಾಪುರದ ಕಡೇದು. ಒಂದು ಸಲ ಮೀಟಿದರೆ ಏಳು ಸಲ ಕೇಳಿಸುತ್ತೆ."

ವೆಂಕಟಸುಬ್ಬಯ್ಯನವರು ಅವನನ್ನೇ ದೀರ್ಘವಾಗಿ ನೋಡಿದರು. "ಗೊತ್ತು" ಎಂದರು. "ನಮ್ಮ ತಾತನ ಹತ್ತಿರ ಒಂದಿತ್ತು."

ಬದುಕಿದೆ ಎಂದು ತಿರುಮಲೇಶ ಉಸಿರು ಬಿಡುವಷ್ಟರಲ್ಲಿ ಅವರು ಎದ್ದು ವೇದಿಕೆ ಹತ್ತಿ, ಹಾಡು ತಡೆದು ಮೈಕು ಹಿಡಿದಿದ್ದರು. "ಮಹನೀಯರೇ, ಅಳಿದೇಹೋಯಿತೆಂದು ನಾವೆಲ್ಲ ಮರುಗುತ್ತಿದ್ದ ಗುಮ್ಮಟವೀಣೆ ಈ ಪರದೆಯ ಹಿಂದಿದೆ. ಅದಕ್ಕೀಗ ಪೂಜೆಯಾಗಬೇಕು. ಅರಿಶಿನ ಕುಂಕುಮ ತನ್ನಿ."

ತಿರುಮಲೇಶ ಪರದೆಯ ಹಿಂದಕ್ಕೆ ಓಡಿದ. "ಶರೀಫ್, ಮುಚ್ಚು, ಮುಚ್ಚು."

"ಏನ್ ಮುಚ್ಚಲಿ ಸಾಬ್?"

"ನನ್ನ ಮರ್ಯಾದೆ."

ಅತಿಥಿಗಳಿಗೆಂದು ತಂದಿದ್ದ ಜರಿ ಶಾಲು ಕೀಬೋರ್ಡಿನ ಮೇಲೆ ಬಿತ್ತು. ಪರದೆ ಸರಿಯಿತು. ಶಾಲಿನಡಿಯಿಂದ ವೈರು ಮಾತ್ರ ಇಲಿಯ ಬಾಲದಂತೆ ಇಳಿಬಿದ್ದಿತ್ತು. ಮುಂದಿನ ಸಾಲಿನಲ್ಲಿದ್ದ ಹೋಟೆಲಿನ ಕೊರಗಪ್ಪ, "ಅದಕ್ಕೆ ಎಂತದು ಮಾರಾಯ್ರೆ ಬಾಲ?" ಎಂದು ಕೇಳಿಯೇಬಿಟ್ಟ.

"ತಂತಿ ವಾದ್ಯ ಅಲ್ವೇ, ಒಂದು ತಂತಿ ಆಚೆ ಬಂದಿದೆ" ಎಂದ ತಿರುಮಲೇಶ.

ವೆಂಕಟಸುಬ್ಬಯ್ಯನವರು ಹೂವೇರಿಸಿ, ಕಣ್ಣು ಮುಚ್ಚಿ, ಕುಂಕುಮ ಹಚ್ಚಲೆಂದು ಶಾಲಿನ ಕೆಳಗೆ ಬೆರಳು ತೂರಿಸಿದರು. ಮರುಕ್ಷಣ ಗುಮ್ಮಟವೀಣೆ ತನ್ನಷ್ಟಕ್ಕೆ ತಾನೇ ಡಿಸ್ಕೋ ಬಾರಿಸತೊಡಗಿತು. ಶರೀಫ ಎರಡೂ ಕೈ ಮೇಲೆತ್ತಿ ನಾನಲ್ಲ ಎಂದು ತೋರಿಸಿದ. ಶಾಲು ಜಾರಿತು. ಕೆಂಪು ದೀಪಗಳು ಸಭೆಗೆಲ್ಲ ಕಣ್ಣು ಹೊಡೆದವು.

ಚಂದ್ರವ್ವ ಮಾತ್ರ ಬೆದರಲಿಲ್ಲ. "ಜೋರ ಬೀಸಿದ್ರ ಹಿಟ್ಟ ಸಣ್ಣ ಆಗತೈತಿ, ನಡೀಲಿ" ಎನ್ನುತ್ತ ಸೆರಗು ಸಿಕ್ಕಿಸಿ, ಬೀಸುವ ಕಲ್ಲಿಗೆ ಮೋಟರು ಕಟ್ಟಿದಂತೆ ಪದ ಎತ್ತಿದಳು. ಕನ್ನಡದಲ್ಲಿ ತನ್ನ ಹೆಸರು ಬರೆಯಲು ತಡವರಿಸುತ್ತಿದ್ದ ವನಮಾಲಾ ಗೆಳೆಯರೊಂದಿಗೆ "ಜೋಳ ನುರಿಯಲಿ" ಎಂದು ಕೂಗುತ್ತ ಕುಣಿದಳು. ಕೊರಗಪ್ಪ ಪಂಚೆ ಎತ್ತಿ ಕಟ್ಟಿದ.

ಪದ ಮುಗಿದಾಗ ಎಲ್ಲರ ಕಣ್ಣೂ ಅಧ್ಯಕ್ಷರ ಮೇಲೆ. ಅವರು ಗಂಟಲು ಸರಿಮಾಡಿಕೊಂಡು, "ನಮ್ಮ ತಾತನದೂ ಥೇಟ್ ಹೀಗೇ ಇತ್ತು" ಎಂದರು. "ಮುಂದಿನ ಭಾನುವಾರದಿಂದ ಗುಮ್ಮಟವೀಣೆ ತರಗತಿ ಶುರು. ಗುರುಗಳು, ನಮ್ಮ ತಿರುಮಲೇಶ." ಚಪ್ಪಾಳೆಗೆ ಫ್ಯಾನುಗಳು ಅಲುಗಿದವು.

ಗ್ರೀನ್‌ರೂಮಿನಲ್ಲಿ ತಿರುಮಲೇಶ ಅವರ ಕಾಲಿಗೇ ಬಿದ್ದ. "ಸುಳ್ಳು ಹೇಳಿದೆ ಸಾರ್. ಅದು ಬರೀ ಕೀಬೋರ್ಡು."

"ಏಳಯ್ಯ ಮೇಲೆ. ಕುಂಕುಮ ಇಡುವಾಗ ಆ ಡೆಮೋ ಬಟನ್ ಒತ್ತಿದ್ದು ಯಾರು ಅಂದ್ಕೊಂಡೆ? ಮೊಮ್ಮಗನ ಹತ್ತಿರ ಇಂಥದ್ದೇ ಇದೆ. ಆ ಪುಣ್ಯಾತ್ಮ ನನ್ನನ್ನ ಮುಟ್ಟಕ್ಕೇ ಬಿಡಲ್ಲ."

"ಹಾಗಾದ್ರೆ... ರಾಜೀನಾಮೆ?"

"ಕೀಬೋರ್ಡಾದರೆ ಕೊಡಬೇಕು. ಗುಮ್ಮಟವೀಣೆಗೆ ಯಾಕಯ್ಯ? ಈ ವಯಸ್ಸಲ್ಲಿ ನಾನು ಕೀಬೋರ್ಡ್ ಕಲಿತರೆ ಜನ ನಗ್ತಾರೆ. ಪುರಾತನ ವಾದ್ಯ ಕಲಿತರೆ ಕೈಮುಗೀತಾರೆ."

"ನನಗೆ ಹಾರ್ಮೋನಿಯಮ್ಮಿನ ತಿದಿ ಒತ್ತೋದೂ ಬರಲ್ಲ ಸಾರ್. ಶರೀಫನಿಗೇ ಹೇಳೋಣ."

"ಅವನನ್ನ ಕೇಳಿದೆ, ಇನ್ನು ಭಾನುವಾರವೆಲ್ಲ ಮದುವೆ ಬ್ಯಾಂಡಂತೆ. ಅಲ್ಲದೆ ಈ ವಾದ್ಯ ಕಂಡುಹಿಡಿದವನು ನೀನು, ಕಲಿಸೋನೂ ನೀನೇ." ವೆಂಕಟಸುಬ್ಬಯ್ಯನವರು ದನಿ ತಗ್ಗಿಸಿದರು. "ಮೊದಲನೇ ಶಿಷ್ಯ ನಾನು. ಮೊಮ್ಮಗ ಏಳೋದರೊಳಗೆ ಪೆಟ್ಟಿಗೆ ಎತ್ತಿಕೊಂಡು ನಿನ್ನ ಬಿಲ್ಡಿಂಗಿಗೇ ಬಂದ್ಬಿಡ್ತೀನಿ. ಕೋಳಿ ಕೂಗೋ ಹೊತ್ತಿಗೆ ಹಲ್ಲುಜ್ಜಿ ಸಿದ್ಧವಾಗಿರಬೇಕು, ಗುರುಗಳೇ."