ಆರು ಹೆಜ್ಜೆಯ ಹೂದೋಟ

ಹೋದ ಭಾನುವಾರ ಗುಬ್ಬಿಯಲ್ಲಿ ಗಂಡಿನ ಮನೆ ನೋಡಿಕೊಂಡು ಬಂದಾಗಿನಿಂದ ಗುರುಪ್ರಕಾಶರಿಗೆ ನೆಮ್ಮದಿಯಿಲ್ಲ. ತಲೆ ತುಂಬ ಕೂದಲಿದ್ದ ಹುಡುಗ ಫೋಟೋದಲ್ಲೇ ಮಗಳು ಸಿಂಚನಾಗೂ ಹಿಡಿಸಿದ್ದ. ತೊಂದರೆ ಇದ್ದದ್ದು ಆ ಮನೆಯ ಅಂಗಳದಲ್ಲಿ. ಗಿಡಗಿಡದಲ್ಲೂ ಕೆಂಪು, ಹಳದಿ ಹೂವು ತೊನೆಯುತ್ತಿದ್ದವು.

"ನಮ್ಮನೆ ಮುಂದೆ ಒಂದು ತುಂಬೆ ಗಿಡಾನೂ ಇಲ್ಲ. ಅವ್ರು ಬಂದ್ರೆ ಏನಂದ್ಕೋತಾರ್ರೀ?" ಎಂದು ಹೆಂಡತಿ ಸುಮನಾ ಬಸ್ಸಿನಲ್ಲೇ ಶುರು ಮಾಡಿದ್ದರು.

ಗಂಡಿನ ಕಡೆಯವರು ಹೆಣ್ಣು ನೋಡಲು ಬರುವುದು ಈ ಭಾನುವಾರ. ಶನಿವಾರವೇ ಗುರುಪ್ರಕಾಶರು ನರ್ಸರಿಯಿಂದ ಹೂ ಬಿಟ್ಟ ಗುಲಾಬಿ, ದಾಸವಾಳಗಳನ್ನೇ ಆರಿಸಿ ತಂದು, ಕ್ಯಾತ್ಸಂದ್ರದ ತಮ್ಮ ಮನೆಯ ಗೇಟಿನಿಂದ ಬಾಗಿಲವರೆಗಿನ ಆರು ಹೆಜ್ಜೆ ಜಾಗದಲ್ಲಿ ಒತ್ತೊತ್ತಾಗಿ ನೆಟ್ಟರು. ಸಂಜೆ ಎದುರುಮನೆಯ ಸರ್ವಮಂಗಳಮ್ಮ ಗೇಟು ಹಿಡಿದು ನಿಂತು ಬಹಳ ಹೊತ್ತು ಹೊಗಳಿದರು. ಆ ಹೊಗಳಿಕೆಯ ಅರ್ಥ ತಿಳಿದದ್ದು ಬೆಳಿಗ್ಗೆ ಆರಕ್ಕೆ.

ಸರ್ವಮಂಗಳಮ್ಮ ಪ್ಲಾಸ್ಟಿಕ್ ಕವರ್ ಹಿಡಿದು ಕೊನೆಯ ದಾಸವಾಳ ಕೀಳುತ್ತಿದ್ದರು. ಆಚೆ ಪಕ್ಕದ ಮನೆಯ ಚನ್ನೇಶ್ ಇನ್ನೊಂದು ಕವರ್ ತುಂಬಿಸಿಕೊಂಡು ಹೊರಟಿದ್ದ. ಇಡೀ ಬೀದಿಯೇ ಭಕ್ತಿಯಲ್ಲಿ ಮುಳುಗಿತ್ತು. ತಮ್ಮ ಮನೆಯ ಮುಂದೆ ಗಿಡ ಬೆಳೆಸುವಷ್ಟು ಭಕ್ತಿ ಮಾತ್ರ ಯಾರಿಗೂ ಬಂದಿರಲಿಲ್ಲ.

"ಶಿವಪೂಜೆಗೆ ಕಣಪ್ಪ. ನಿನ್ನ ಮಗಳ ಸಂಬಂಧ ಕೂಡಿಬರ್ಲಿ ಅಂತ ನಿನ್ನ ಹೆಸರಲ್ಲೂ ಒಂದು ಹೂ ಏರಿಸ್ತೀನಿ ಬುಡು," ಎಂದರು ಸರ್ವಮಂಗಳಮ್ಮ.

ದೇವರಿಗೆ ಎಂದವರಿಗೆ ಇಲ್ಲ ಎನ್ನುವ ಧೈರ್ಯ ಗುರುಪ್ರಕಾಶರಿಗೆ ಇರಲಿಲ್ಲ. ಹಲ್ಲು ಕಿರಿದು ಬೀಳ್ಕೊಟ್ಟು, ಸ್ಕೂಟರ್ ಹತ್ತಿ ಮಾರ್ಕೆಟ್ಟಿಗೆ ಓಡಿದರು. ಒಂದು ಚೀಲ ಚೆಂಡುಹೂವು ತಂದು, ಹೆಂಡತಿಯ ಹೊಲಿಗೆ ಡಬ್ಬಿಯ ಬಿಳಿ ದಾರದಿಂದ ರೆಂಬೆರೆಂಬೆಗೂ ಕಟ್ಟತೊಡಗಿದರು.

"ಅಪ್ಪಾ, ದಾಸವಾಳದ ಗಿಡದಲ್ಲಿ ಚೆಂಡುಹೂವಾ?" ಎಂದಳು ಸಿಂಚನಾ.

"ಗೇಟಿಂದ ಬಾಗಿಲಿಗೆ ಆರೇ ಹೆಜ್ಜೆ ಕಣಮ್ಮ. ಆರು ಹೆಜ್ಜೇಲಿ ಯಾರು ಬಾಟನಿ ಓದ್ತಾರೆ?"

ಹನ್ನೊಂದಕ್ಕೆ ಗುಬ್ಬಿಯವರು ಬಂದರು. ಗುರುಪ್ರಕಾಶರು ಸಂಜೆ ದನ ಅಟ್ಟಿಕೊಂಡು ಬರುವವರ ಹಾಗೆ ಎಲ್ಲರನ್ನೂ ಆರು ಹೆಜ್ಜೆ ದಾಟಿಸಿ ಒಳಗೆ ಕೂರಿಸಿದರು. ಸಿಂಚನಾ ಕಾಫಿ ತಂದಳು. ಹುಡುಗನ ತಂದೆ ಸದಾಶಿವಯ್ಯನವರು ಮಾತ್ರ ಲೋಟ ಮುಟ್ಟಲಿಲ್ಲ. ಲಿಂಗಪೂಜೆ ಮುಗಿಯದೆ ನೀರೂ ಕುಡಿಯುವುದಿಲ್ಲ, ಹೊರಡುವ ಗಡಿಬಿಡಿಯಲ್ಲಿ ಪೂಜೆ ಆಗಲಿಲ್ಲ, ನಾಲ್ಕು ಹೂವು ಕಿತ್ತುಕೊಂಡು ಇಲ್ಲೇ ಮಾಡಿಕೊಳ್ಳುತ್ತೇನೆ ಎನ್ನುತ್ತಾ ಅಂಗಳಕ್ಕೆ ನಡೆದೇಬಿಟ್ಟರು.

ಗುರುಪ್ರಕಾಶರು ಹಿಂದೆಯೇ ಓಡಿದರು. ಅಷ್ಟರಲ್ಲಿ ದಾಸವಾಳದ ಗಿಡದ ಚೆಂಡುಹೂವು ಸದಾಶಿವಯ್ಯನವರ ಕೈಯಲ್ಲಿತ್ತು. ಅದರ ಜೊತೆ ಗೇಣುದ್ದ ದಾರವೂ ಬಂದಿತ್ತು. ಮಗಳ ಸಂಬಂಧ ಮುರಿದೇಬಿತ್ತು ಎಂದುಕೊಂಡರು ಗುರುಪ್ರಕಾಶರು.

ಸದಾಶಿವಯ್ಯನವರು ದಾರವನ್ನು ಬಿಸಿಲಿಗೆ ಹಿಡಿದು ನೋಡಿದರು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದರು.

"ನಮ್ ಬೀದೀಲೂ ಭಕ್ತರು ಜಾಸ್ತಿ ಬೀಗರೇ. ಆದ್ರೆ ಬಿಳಿ ದಾರ ಎದ್ದು ಕಾಣ್ತದೆ. ನಾವು ಹಸಿರು ದಾರ ಕಟ್ಟಿದ್ವಿ."

ಬೀಗರೇ ಎಂಬ ಮಾತು ಕೇಳಿ ಗುರುಪ್ರಕಾಶರಿಗೆ ಹೋದ ಜೀವ ಬಂತು. ಒಳಗಿನಿಂದ ಸುಮನಾ, ಹುಡುಗ ಹುಡುಗಿ ಇಬ್ಬರೂ ಒಪ್ಪಿಬಿಟ್ಟರು ಎಂದು ಕೂಗಿ ಹೇಳಿದರು. ಹಸಿರು ದಾರದ ಮಾತು ತಲೆಗೆ ಹತ್ತಿದ್ದು ಆಮೇಲೆ. ಗುಬ್ಬಿಯ ಮನೆಯಲ್ಲಿ ತಾವು ಇನ್ನೂ ಏನೇನು ಮೆಚ್ಚಿ ಬಂದಿದ್ದೆವೆಂದು ಗುರುಪ್ರಕಾಶರು ಒಂದೊಂದಾಗಿ ನೆನೆಯುತ್ತಾ ಕಿಟಕಿಯೊಳಗೆ ಇಣುಕಿದರು.

ಸುಮನಾ ಸಡಗರದಲ್ಲಿ ಫ್ಯಾನನ್ನು ಜೋರು ಮಾಡಿದ್ದರು. ಭಾವಿ ಅಳಿಯ ಎರಡೂ ಕೈಯಲ್ಲಿ ತಲೆಗೂದಲನ್ನು ಒತ್ತಿ ಹಿಡಿದುಕೊಂಡು, ಮೂಲೆಯ ಕುರ್ಚಿಗೆ ಜಾಗ ಬದಲಾಯಿಸುತ್ತಿದ್ದ.